ನವಜಾತ ಶಿಶುವಿನ ಮೊದಲ ನಿಮಿಷವೂ ಪರಿಚಾರಕರ ಶಿಕ್ಷಣವೂ



ಕೂಸು ಹುಟ್ಟುವ ಮನೆಯಲ್ಲಿ ಎಲ್ಲರ ಕಿವಿಯೂ ಕಾದಿರುವುದು ಅದರ ಅಳುವಿಗೆ. ಬೇರೆ ಯಾವ ಹೊತ್ತಿನಲ್ಲಿಯೂ ಅಳುವಿನಿಂದ ಮನೆಯವರಿಗೆ ಸಂತೋಷವಾಗುವುದಿಲ್ಲ. ಆ ಒಂದು ಗಳಿಗೆಯಲ್ಲಿ ಮಾತ್ರ ಅಳುವೇ ಮಂಗಳವಾದ್ಯವು. ಆ ಅಳು ಕೇಳಿಬಾರದೆ ಹೋದಾಗ ಏನು ಮಾಡತಕ್ಕದ್ದು, ಯಾರು ಮಾಡತಕ್ಕದ್ದು, ಮಾಡುವವರನ್ನು ಹೇಗೆ ಸಿದ್ಧಗೊಳಿಸತಕ್ಕದ್ದು ಎಂಬುದೇ ಈ ಉಪನ್ಯಾಸದ ವಿಷಯವು.

ಬಾಲ್ಯದಲ್ಲಿ ಜನನದ ದಿನದಷ್ಟು ಅಪಾಯಕರವಾದ ದಿನವು ಬೇರೊಂದಿಲ್ಲ. ೨೦೨೨ನೆಯ ಇಸವಿಯಲ್ಲಿ, ಹುಟ್ಟಿದ ೨೮ ದಿನಗಳೊಳಗೆ ತೀರಿಹೋದ ಶಿಶುಗಳ ಸಂಖ್ಯೆಯು ಲೋಕದಲ್ಲೆಲ್ಲ ಕೂಡಿ ಸುಮಾರು ೨೩ ಲಕ್ಷವೆಂದು ವಿಶ್ವಸಂಸ್ಥೆಯು ಅಂದಾಜುಮಾಡಿದೆ. ಇಂಥ ಮರಣಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲನೆಯ ವಾರದಲ್ಲಿಯೇ ಸಂಭವಿಸುತ್ತವೆ. ಭಾರತದಲ್ಲಿ ೨೦೨೦ನೆಯ ಇಸವಿಯ ಮಾದರಿ ನೋಂದಣಿಯ ಲೆಕ್ಕದಂತೆ, ಸಜೀವವಾಗಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ೨೦ ಶಿಶುಗಳು ಮೊದಲ ತಿಂಗಳನ್ನು ದಾಟಲಿಲ್ಲ. ಈ ಅಂಕಿಯನ್ನು ೨೦೩೦ರೊಳಗಾಗಿ ಹತ್ತಕ್ಕಿಂತ ಕೆಳಗೆ ಇಳಿಸಬೇಕೆಂದು ದೇಶವು ೨೦೧೪ರಲ್ಲಿ ಸಂಕಲ್ಪಮಾಡಿತು.

ಈ ಮರಣಗಳಿಗೆ ಮುಖ್ಯ ಕಾರಣಗಳು ಮೂರು: ದಿನ ತುಂಬುವ ಮೊದಲೇ ಹುಟ್ಟುವುದು, ಹೆರಿಗೆಯ ಕಾಲದಲ್ಲಿ ಉಸಿರು ಕಟ್ಟುವುದು, ಸೋಂಕು ತಗಲುವುದು. ಇವುಗಳಲ್ಲಿ ಎರಡನೆಯದಕ್ಕೆ ಒಂದು ವಿಶೇಷವುಂಟು. ಉಳಿದ ಎರಡರಲ್ಲಿ ವೈದ್ಯನನ್ನು ಕರೆತರುವುದಕ್ಕೆ ಕೆಲವು ತಾಸುಗಳಾದರೂ ದೊರೆಯಬಹುದು. ಉಸಿರು ಕಟ್ಟಿದ ಕೂಸಿಗಾದರೋ ನಿಮಿಷಗಳ ಲೆಕ್ಕವಷ್ಟೇ. ದೂರದಲ್ಲಿರುವ ಪಂಡಿತನ ವಿದ್ಯೆಯು ಆಗ ಪ್ರಯೋಜನಕ್ಕೆ ಬಾರದು. ಹೆರಿಗೆಯ ಮಂಚದ ಬಳಿಯಲ್ಲಿ ಯಾರು ನಿಂತಿರುವರೋ, ಅವರ ಎರಡು ಕೈಗಳಲ್ಲಿ ಎಷ್ಟು ವಿದ್ಯೆಯಿದೆಯೋ, ಅಷ್ಟೇ ಆ ಕೂಸಿನ ಭಾಗ್ಯವು.

ಮೊದಲ ಉಸಿರು ಎಂಬುದು ಎಂಥ ಸಾಹಸವೆಂಬುದನ್ನು ತುಸು ವಿಚಾರಿಸಬೇಕು. ಗರ್ಭದಲ್ಲಿರುವಾಗ ಶಿಶುವಿನ ಪುಪ್ಪುಸಗಳಲ್ಲಿ ಗಾಳಿಯಿರುವುದಿಲ್ಲ, ದ್ರವವೇ ತುಂಬಿರುವುದು. ಅದಕ್ಕೆ ಬೇಕಾದ ಪ್ರಾಣವಾಯುವು ತಾಯಿಯ ರಕ್ತದಿಂದ ಮಾಸಿನ ಮೂಲಕ, ಹೊಕ್ಕುಳಬಳ್ಳಿಯ ದಾರಿಯಿಂದ ಬರುವುದು. ಹೊರಗೆ ಬಂದ ಕೂಡಲೆ ಈ ದಾರಿಯು ಮುಚ್ಚಿಹೋಗಿ, ದ್ರವವಿದ್ದ ಎಡೆಯಲ್ಲಿ ಗಾಳಿ ತುಂಬಿ, ರಕ್ತವು ಹೊಸ ಮಾರ್ಗವನ್ನು ಹಿಡಿಯಬೇಕು. ಇದೆಲ್ಲವೂ ಕೆಲವೇ ಗಳಿಗೆಗಳಲ್ಲಿ ನಡೆಯತಕ್ಕದ್ದು. ನೂರು ಕೂಸುಗಳಲ್ಲಿ ಸುಮಾರು ೮೫ ಕೂಸುಗಳು ಯಾರ ಸಹಾಯವೂ ಇಲ್ಲದೆ ಇದನ್ನು ಸಾಧಿಸುತ್ತವೆ. ಇನ್ನು ಸುಮಾರು ೧೦ ಕೂಸುಗಳಿಗೆ ಮೈಯೊರಸಿ ಬೆನ್ನು ತಿಕ್ಕಿದರೆ ಸಾಕು. ಉಳಿದ ಸುಮಾರು ೫ ಕೂಸುಗಳಿಗೆ ಮಾತ್ರ ಹೊರಗಿನಿಂದ ಗಾಳಿಯೂಡಬೇಕಾಗುವುದು. ಎದೆಯೊತ್ತುವಿಕೆ, ಔಷಧ ಮುಂತಾದ ದೊಡ್ಡ ಉಪಚಾರಗಳು ಬೇಕಾಗುವುದು ಸಾವಿರಕ್ಕೆ ಒಂದರಿಂದ ಮೂರು ಕೂಸುಗಳಿಗಷ್ಟೇ. ಎಂದರೆ ಉಸಿರಿಗಾಗಿ ಹೋರಾಡುವ ಕೂಸುಗಳಲ್ಲಿ ಬಹುಪಾಲು ಕೂಸುಗಳನ್ನು ಉಳಿಸಬಲ್ಲ ವಿದ್ಯೆಯು ದೊಡ್ಡ ಯಂತ್ರಗಳ ವಿದ್ಯೆಯಲ್ಲ. ಒಂದು ಒಣಗಿದ ಬಟ್ಟೆ, ಒಂದು ಗಾಳಿಯ ಚೀಲ, ಅರಿತ ಎರಡು ಕೈಗಳು, ಇಷ್ಟೇ ಅದರ ಸಾಮಗ್ರಿಯು.

ಉಸಿರು ನಿಂತ ಕೂಸಿನಲ್ಲಿ ಎರಡು ಅವಸ್ಥೆಗಳನ್ನು ವೈದ್ಯಶಾಸ್ತ್ರವು ಗುರುತಿಸುತ್ತದೆ. ಮೊದಲನೆಯ ಅವಸ್ಥೆಯಲ್ಲಿ ಕೂಸು ಮುಟ್ಟಿದರೆ, ತಿಕ್ಕಿದರೆ ಎಚ್ಚತ್ತು ಉಸಿರೆಳೆಯುವುದು. ಅದು ಕಳೆದು ಎರಡನೆಯದಕ್ಕೆ ಇಳಿದ ಮೇಲೆ ಎಷ್ಟು ತಿಕ್ಕಿದರೂ ತಾನಾಗಿ ಉಸಿರಾಡದು. ಗಾಳಿಯೂಡಿದರೆ ಮಾತ್ರ ಬದುಕುವುದು. ಕಣ್ಣಿಗೆ ನೋಡಿದರೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಆದುದರಿಂದಲೇ ಕಾಲು ಹಿಡಿದು ತಲೆಕೆಳಗಾಗಿ ತೂಗುವುದು, ಬೆನ್ನಿಗೆ ಬಡಿಯುವುದು, ತಣ್ಣೀರು ಎರಚುವುದು ಮುಂತಾದ ಹಳೆಯ ವಾಡಿಕೆಗಳು ಅಪಾಯಕರವಾದವು. ಅವುಗಳಿಂದ ಪೆಟ್ಟಾಗುವುದು ಹಾಗೂ ಮೈ ತಣ್ಣಗಾಗುವುದು ಒಂದು ಕೇಡು. ಅವುಗಳಲ್ಲಿ ಹೊತ್ತು ಕಳೆದುಹೋಗುವುದು ಅದಕ್ಕಿಂತ ದೊಡ್ಡ ಕೇಡು.

ಹಿಂದಿನವರು ಈ ವಿಷಯದಲ್ಲಿ ಉದಾಸೀನರಾಗಿದ್ದರೆಂದು ಮಾತ್ರ ಯಾರೂ ತಿಳಿಯಬಾರದು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ಹುಟ್ಟಿದ ಕೂಸಿನ ಕಿವಿಗಳ ಬಳಿ ಕಲ್ಲಿಗೆ ಕಲ್ಲನ್ನು ತಾಡಿಸಿ ಸಪ್ಪಳಮಾಡುವುದು, ಮುಖಕ್ಕೆ ನೀರು ಚಿಮುಕಿಸುವುದು, ಚೇತರಿಸಿಕೊಳ್ಳುವವರೆಗೆ ಮೊರದಿಂದ ಗಾಳಿ ಬೀಸುವುದು ಎಂಬ ಉಪಚಾರಗಳು ಹೇಳಲ್ಪಟ್ಟಿವೆ. ಹೋಗುತ್ತಿರುವ ಪ್ರಾಣವನ್ನು ಹಿಂದಕ್ಕೆ ಕರೆಯುವ ಹಂಬಲವು ಆ ಕಾಲದಲ್ಲಿಯೂ ಇದ್ದಿತೆಂಬುದಕ್ಕೆ ಇದು ಸಾಕ್ಷಿಯು. ಈಚಿನ ಕಾಲದಲ್ಲಿ ನ್ಯೂಯಾರ್ಕಿನ ವೈದ್ಯೆ ವರ್ಜಿನಿಯಾ ಅಪ್ಗಾರ್ ಅವರು ಕೂಸಿನ ಎದೆಬಡಿತ, ಉಸಿರು, ಸ್ನಾಯುಗಳ ಬಿಗುಪು, ಪ್ರತಿಕ್ರಿಯೆ, ಮೈಬಣ್ಣ ಎಂಬ ಐದು ಲಕ್ಷಣಗಳಿಗೆ ಅಂಕಗಳನ್ನು ಕೊಟ್ಟು ಅಳೆಯುವ ಕ್ರಮವನ್ನು ೧೯೫೩ರಲ್ಲಿ ಪ್ರಕಟಿಸಿದರು. ಹುಟ್ಟಿದ ಕೂಸನ್ನು ಬದಿಗಿಟ್ಟು ತಾಯಿಯನ್ನು ಮಾತ್ರ ನೋಡುತ್ತಿದ್ದ ಕಣ್ಣುಗಳು ಅಂದಿನಿಂದ ಕೂಸಿನ ಕಡೆಗೂ ತಿರುಗಿದವು. ೧೯೫೬ರಲ್ಲಿ ಡೆನ್ಮಾರ್ಕಿನ ಹೆನ್ನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ ಎಂಬವರು, ಅಮುಕಿದರೆ ಗಾಳಿಯನ್ನು ಕೊಟ್ಟು ಬಿಟ್ಟರೆ ತಾನಾಗಿಯೇ ಉಬ್ಬಿಕೊಳ್ಳುವ ಚೀಲವನ್ನು ನಿರ್ಮಿಸಿದರು. ಇಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ‘ಅಂಬು ಬ್ಯಾಗು’ ಎಂಬ ಹೆಸರಿನಿಂದ ಕಾಣಸಿಗುವುದು ಇದೇ ಚೀಲವು.

ಈಗ ಕಲಿಸಲ್ಪಡುತ್ತಿರುವ ಕ್ರಮವು ಹೀಗಿದೆ. ಹೆರಿಗೆಯ ಮೊದಲೇ ಕೈ ತೊಳೆದು, ಕೋಣೆಯನ್ನು ಬೆಚ್ಚಗಿಟ್ಟು, ಎರಡು ಒಣಬಟ್ಟೆಗಳನ್ನು ಸಿದ್ಧಮಾಡಿಕೊಂಡು, ಚೀಲವನ್ನು ಅಮುಕಿ ಪರೀಕ್ಷಿಸಿ, ಸಹಾಯಕ್ಕೆ ಯಾರು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಕೂಸು ಹೊರಗೆ ಬಂದ ಕೂಡಲೆ ಮೈಯನ್ನು ಚೆನ್ನಾಗಿ ಒರಸಿ ಒದ್ದೆಬಟ್ಟೆಯನ್ನು ತೆಗೆದುಹಾಕಬೇಕು. ಅತ್ತರೆ ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿ, ಒಂದು ನಿಮಿಷವಾದರೂ ತಡೆದು ಹೊಕ್ಕುಳಬಳ್ಳಿಯನ್ನು ಕತ್ತರಿಸಬೇಕು. ಅಳದಿದ್ದರೆ ಬೆಚ್ಚಗಿಟ್ಟು, ತಲೆಯನ್ನು ಸರಿಯಾಗಿರಿಸಿ, ಬಾಯಿಮೂಗುಗಳಲ್ಲಿ ಅಡ್ಡಿಯಿದ್ದರೆ ಮಾತ್ರ ತೆಗೆದು, ಬೆನ್ನನ್ನು ತಿಕ್ಕಬೇಕು. ಅಷ್ಟಕ್ಕೂ ಉಸಿರು ಬಾರದಿದ್ದರೆ ಚೀಲದಿಂದ ಗಾಳಿಯೂಡಬೇಕು. ಇದೆಲ್ಲವೂ ಹುಟ್ಟಿದ ಒಂದು ನಿಮಿಷದೊಳಗೆ ಪ್ರಾರಂಭವಾಗಬೇಕು. ಆ ನಿಮಿಷಕ್ಕೆ ‘ಸುವರ್ಣ ನಿಮಿಷ’ವೆಂದು ಹೆಸರಿಟ್ಟಿರುವುದು ಅಲಂಕಾರಕ್ಕಾಗಿ ಅಲ್ಲ.

ಓದುವುದಕ್ಕೆ ಇದು ಸುಲಭವು. ಕೈಗೆ ಬಂದಾಗ ಕಠಿಣವು. ಮಾಸ್ಕು ಗಲ್ಲ, ಬಾಯಿ, ಮೂಗುಗಳನ್ನು ಮುಚ್ಚಬೇಕು, ಕಣ್ಣುಗಳನ್ನು ಮುಚ್ಚಬಾರದು. ಕೊರಳು ತೀರ ಬಾಗಿದರೂ ದಾರಿ ಮುಚ್ಚುವುದು, ತೀರ ಹಿಂದಕ್ಕೆ ಚಾಚಿದರೂ ಮುಚ್ಚುವುದು. ನಿಮಿಷಕ್ಕೆ ಸುಮಾರು ೪೦ ಸಲ ಅಮುಕಬೇಕು. ಪ್ರತಿ ಸಲವೂ ಎದೆಯು ಮೆಲ್ಲಗೆ ಏಳುವುದೋ ಇಲ್ಲವೋ ನೋಡಬೇಕು. ಏಳದಿದ್ದರೆ ಮಾಸ್ಕನ್ನು ಪುನಃ ಇಟ್ಟು, ತಲೆಯನ್ನು ಸರಿಪಡಿಸಿ, ಬಾಯನ್ನು ತುಸು ತೆರೆದು, ಇನ್ನಷ್ಟು ಅಮುಕಬೇಕು. ಸಾಮಾನ್ಯ ಗಾಳಿಯೇ ಇದಕ್ಕೆ ಸಾಕು. ಆಮ್ಲಜನಕದ ಸಿಲಿಂಡರು ಇಲ್ಲವೆಂದು ಕೈಕಟ್ಟಿ ಕುಳಿತುಕೊಳ್ಳತಕ್ಕದ್ದಲ್ಲ. ತಾಯಿ ನರಳುತ್ತಿರುವಾಗ, ಮನೆಯವರು ಬಾಗಿಲಲ್ಲಿ ಕಾದಿರುವಾಗ, ನೀಲಿಗಟ್ಟಿದ ಕೂಸು ಕೈಯಲ್ಲಿ ಮೆತ್ತಗೆ ಜೋಲಿರುವಾಗ ಇಷ್ಟನ್ನೂ ತಪ್ಪದೆ ಮಾಡಬೇಕಾದರೆ, ವಿದ್ಯೆಯು ತಲೆಯಲ್ಲಿ ಮಾತ್ರವಿದ್ದರೆ ಸಾಲದು, ಬೆರಳುಗಳಿಗೆ ಇಳಿದಿರಬೇಕು.

ಈ ವಿದ್ಯೆಯನ್ನು ಹರಡುವುದಕ್ಕೆ ಭಾರತ ಸರಕಾರವು ೨೦೦೯ರಲ್ಲಿ ‘ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ’ವೆಂಬ ಎರಡು ದಿನಗಳ ತರಬೇತಿಯನ್ನು ಆರಂಭಿಸಿತು. ಮರುವರ್ಷ ಅಮೆರಿಕದ ಮಕ್ಕಳ ವೈದ್ಯರ ಸಂಘವು ವಿಶ್ವ ಆರೋಗ್ಯ ಸಂಸ್ಥೆ ಮುಂತಾದವುಗಳೊಡಗೂಡಿ, ‘ಕೂಸುಗಳ ಉಸಿರಿಗೆ ನೆರವು’ ಎಂಬರ್ಥದ ಹೆಸರಿನ ಪಾಠಕ್ರಮವೊಂದನ್ನು ಹೊರತಂದಿತು. ಹೆಚ್ಚು ಓದುಬರಹವಿಲ್ಲದವರಿಗೂ ತಿಳಿಯುವಂತೆ ಅದರಲ್ಲಿ ಚಿತ್ರಪಟಗಳಿವೆ. ಸಾಮಾನ್ಯ ಉಪಚಾರಕ್ಕೆ ಹಸುರು, ಎಚ್ಚರಿಕೆಗೆ ಹಳದಿ, ಗಂಡಾಂತರಕ್ಕೆ ಕೆಂಪು ಎಂದು ಬಣ್ಣಗಳಿಂದಲೇ ದಾರಿ ತೋರಿಸಲಾಗಿದೆ. ಅಭ್ಯಾಸಕ್ಕಾಗಿ ನಾರ್ವೆ ದೇಶದ ಲೇರ್ಡಾಲ್ ಸಂಸ್ಥೆಯವರು ಗೊಂಬೆಯೊಂದನ್ನು ಮಾಡಿಕೊಟ್ಟರು. ಅದರೊಳಗೆ ನೀರು ತುಂಬಿದರೆ ಕೂಸಿನಂತೆಯೇ ಭಾರವೂ ಮೆತ್ತಗೂ ಆಗುವುದು. ಸಣ್ಣ ಬುಗುಟುಗಳನ್ನು ಅಮುಕಿದರೆ ಅದು ಉಸಿರಾಡುವುದು, ಹೊಕ್ಕುಳಬಳ್ಳಿಯಲ್ಲಿ ನಾಡಿ ಮಿಡಿಯುವುದು, ಅಳುವುದು. ಇಬ್ಬಿಬ್ಬರು ಜೊತೆಯಾಗಿ ಕುಳಿತು, ಒಬ್ಬಳು ಗೊಂಬೆಗೆ ಜೀವ ಕೊಡುವಳು, ಇನ್ನೊಬ್ಬಳು ಉಪಚರಿಸುವಳು. ಬಳಿಕ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳುವರು.

ಇದರ ಫಲವನ್ನು ಕರ್ನಾಟಕದಲ್ಲಿಯೇ ಅಳೆದು ನೋಡಲಾಗಿದೆ. ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ೫೯೯ ಮಂದಿ ಹೆರಿಗೆ ಪರಿಚಾರಕರಿಗೆ ಈ ಪಾಠವನ್ನು ಕಲಿಸಿ, ಅದರ ಹಿಂದಿನ ಮತ್ತು ಮುಂದಿನ ಲೆಕ್ಕವನ್ನು ೨೦೧೩ರಲ್ಲಿ ಪ್ರಕಟಿಸಿದರು. ಜೀವವಿಲ್ಲದೆ ಹುಟ್ಟಿದವೆಂದು ಎಣಿಸಲ್ಪಟ್ಟ ಕೂಸುಗಳು ಸಾವಿರಕ್ಕೆ ೩೦ ಇದ್ದುದು ೨೩ಕ್ಕೆ ಇಳಿಯಿತು. ಇವುಗಳಲ್ಲಿ ಹೆರಿಗೆಯ ಹೊತ್ತಿಗೆ ತುಸು ಮುಂಚೆ ಪ್ರಾಣ ಹೋದಂತೆ ತೋರುವ ಕೂಸುಗಳ ಲೆಕ್ಕವು ೧೭ರಿಂದ ೯ಕ್ಕೆ ಇಳಿಯಿತು. ಇದರ ಅರ್ಥವನ್ನು ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಸತ್ತು ಹುಟ್ಟಿತೆಂದು ಬಟ್ಟೆಯಲ್ಲಿ ಸುತ್ತಿ ಮೂಲೆಗಿರಿಸಲ್ಪಡುತ್ತಿದ್ದ ಕೂಸುಗಳಲ್ಲಿ ಕೆಲವು ಸತ್ತಿರಲೇ ಇಲ್ಲ. ಎದೆಯೊಳಗೆ ಮಂದವಾಗಿ ಮಿಡಿತವಿದ್ದಿತು, ಗಾಳಿಯೊಂದು ಬೇಕಾಗಿದ್ದಿತು. ಆದರೆ ಸಜೀವವಾಗಿ ಹುಟ್ಟಿದ ಕೂಸುಗಳ ಮೊದಲ ತಿಂಗಳಿನ ಮರಣಪ್ರಮಾಣವು ಅದೇ ಲೆಕ್ಕದಲ್ಲಿ ತಗ್ಗಲಿಲ್ಲವೆಂಬುದನ್ನೂ ಆ ವೈದ್ಯರು ಮುಚ್ಚಿಡದೆ ಹೇಳಿದರು. ಉಸಿರು ಬರಿಸುವುದು ಮೊದಲನೆಯ ಮೆಟ್ಟಿಲು ಮಾತ್ರ. ಅದರ ಮುಂದೆ ಬೆಚ್ಚನೆ, ಎದೆಹಾಲು, ಶುಚಿತ್ವ ಎಂಬ ಮೆಟ್ಟಿಲುಗಳನ್ನೂ ಏರಬೇಕಾಗಿದೆ.

ಇಲ್ಲಿ ಆಫ್ರಿಕ ಖಂಡದ ಟಾಂಜಾನಿಯಾ ದೇಶದಿಂದ ಬಂದ ಪಾಠವೊಂದನ್ನು ಹೇಳಲೇಬೇಕು. ಆ ದೇಶದ ಉತ್ತರಭಾಗದಲ್ಲಿ ಹೈಡಂ ಎಂಬ ಹಳ್ಳಿಗಾಡಿನ ಆಸ್ಪತ್ರೆಯೊಂದಿದೆ. ೨೦೧೦ರಲ್ಲಿ ಅಲ್ಲಿಯ ಪರಿಚಾರಕರಿಗೆ ಒಂದು ದಿನದ ತರಬೇತಿಯು ನಡೆಯಿತು. ಏಳು ತಿಂಗಳ ಮೇಲೆ ಪರೀಕ್ಷಿಸಿದಾಗ ಗೊಂಬೆಯ ಮೇಲೆ ಅವರ ಕೈಚಳಕವು ಹೆಚ್ಚಿತ್ತು. ಆದರೆ ಹೆರಿಗೆಕೋಣೆಯಲ್ಲಿ ನಿಜವಾದ ಕೂಸುಗಳ ಉಪಚಾರವು ಬದಲಾಗಿರಲಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೇ ಬೇರೆ, ಪ್ರಾಣವನ್ನುಳಿಸುವುದೇ ಬೇರೆ ಎಂಬುದು ಹೀಗೆ ಅನುಭವಕ್ಕೆ ಬಂದಿತು. ಆಗ ಅಲ್ಲಿಯವರು ನಿರಾಶರಾಗದೆ ಕ್ರಮವನ್ನೇ ಬದಲಿಸಿದರು. ಗೊಂಬೆಯನ್ನು ಬೀರುವಿನಿಂದ ತೆಗೆದು ಹೆರಿಗೆಕೋಣೆಯಲ್ಲಿಯೇ ಇರಿಸಿದರು. ವಾರವಾರವೂ ಕೆಲವು ನಿಮಿಷಗಳ ಅಭ್ಯಾಸವನ್ನೂ, ತಿಂಗಳಿಗೊಮ್ಮೆ ತುಸು ದೀರ್ಘವಾದ ಪುನಃಪಾಠವನ್ನೂ ಏರ್ಪಡಿಸಿದರು. ಹೊಸ ಉಪಕರಣವನ್ನೇನೂ ತರಲಿಲ್ಲ. ಅದರಿಂದ ಮೊದಲನೆಯ ದಿನದಲ್ಲಿಯೇ ತೀರಿಹೋಗುವ ಕೂಸುಗಳ ಲೆಕ್ಕವು ಸಾವಿರಕ್ಕೆ ೧೧ರಿಂದ ಸುಮಾರು ೭ಕ್ಕೆ ಇಳಿಯಿತು.

ಈ ಉಪನ್ಯಾಸದ ಸಾರವೆಲ್ಲವೂ ಈ ಒಂದು ದೃಷ್ಟಾಂತದಲ್ಲಿ ಅಡಗಿದೆ. ತಾಲೀಮಿನ ಪೈಲವಾನನು ಜಾತ್ರೆಯ ಹಿಂದಿನ ದಿನ ಮಾತ್ರ ಸಾಮು ಮಾಡಿದರೆ ಅಖಾಡದಲ್ಲಿ ನಿಲ್ಲಲಾರನು. ವೀಣೆಯನ್ನು ಕಲಿತು ಕೆಳಗಿಟ್ಟ ಕೈಯು ವರ್ಷದ ಮೇಲೆ ಶ್ರುತಿಯನ್ನು ಮರೆಯುವುದು. ಹೆರಿಗೆಕೋಣೆಯಲ್ಲಿ ಈ ಮರವೆಗೆ ಇನ್ನೊಂದು ಕಾರಣವೂ ಉಂಟು. ಸಣ್ಣ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೆ ಇಪ್ಪತ್ತು ಹೆರಿಗೆಗಳಾದರೆ, ನೂರಕ್ಕೆ ಐದರ ಲೆಕ್ಕದಂತೆ ಗಾಳಿಯೂಡಬೇಕಾದ ಪ್ರಸಂಗವು ತಿಂಗಳಿಗೊಂದು ಬರುವುದು. ಅದೂ ನಾಲ್ವರು ದಾದಿಯರಲ್ಲಿ ಯಾರ ಪಾಳಿಯಲ್ಲಿ ಬರುವುದೆಂದು ಹೇಳಬರುವುದಿಲ್ಲ. ಒಬ್ಬಳಿಗೆ ನಾಲ್ಕು ತಿಂಗಳಿಗೊಮ್ಮೆ ಮಾತ್ರ ಬೇಕಾಗುವ, ಬೇಕಾದಾಗ ಅರೆಗಳಿಗೆಯೂ ತಡವಾಗಬಾರದ ವಿದ್ಯೆಯಿದು. ಇಂಥ ವಿದ್ಯೆಯು ಗೋಡೆಗೆ ತೂಗುಹಾಕಿದ ಪ್ರಮಾಣಪತ್ರದಿಂದ ಉಳಿಯುವುದಿಲ್ಲ, ನಿತ್ಯಾಭ್ಯಾಸದಿಂದಲೇ ಉಳಿಯುವುದು. ೨೦೧೬ರಲ್ಲಿ ಆ ಪಾಠಕ್ರಮದ ಎರಡನೆಯ ಆವೃತ್ತಿಯು ಹೊರಬಂದಾಗ, ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಅಭ್ಯಾಸಮಾಡುವ ಈ ಕ್ರಮಕ್ಕೆ ಅದರಲ್ಲಿ ಪ್ರಾಶಸ್ತ್ಯವು ದೊರೆಯಿತು.

ನೇಪಾಳದ ಕಾಠಮಾಂಡುವಿನ ಪರೋಪಕಾರ ಹೆರಿಗೆ ಆಸ್ಪತ್ರೆಯ ಅನುಭವವೂ ಇದನ್ನೇ ದೃಢಪಡಿಸುತ್ತದೆ. ಅಲ್ಲಿ ಪಾಠದೊಂದಿಗೆ ದಿನವೂ ಚೀಲ-ಮಾಸ್ಕಿನ ಅಭ್ಯಾಸ, ಹೆರಿಗೆಯಾದ ಮೇಲೆ ಪರಿಚಾರಕಿಯೇ ತನ್ನ ಕೆಲಸವನ್ನು ಪಟ್ಟಿಯೊಡನೆ ತಾಳೆನೋಡುವುದು, ವಾರಕ್ಕೊಮ್ಮೆ ಎಲ್ಲರೂ ಕೂಡಿ ಪರಾಮರ್ಶಿಸುವುದು ಎಂಬ ನಿಯಮಗಳನ್ನು ಇಡಲಾಯಿತು. ಹೆರಿಗೆಯ ಸಮಯದಲ್ಲಿ ಜೀವ ಕಳೆದುಕೊಳ್ಳುವ ಕೂಸುಗಳು ಸಾವಿರಕ್ಕೆ ೯ ಇದ್ದುದು ಸುಮಾರು ೩ಕ್ಕೂ, ಮೊದಲ ದಿನದ ಮರಣಗಳು ಸುಮಾರು ೫ ಇದ್ದುದು ೨ಕ್ಕೂ ಇಳಿದುವೆಂದು ೨೦೧೬ರಲ್ಲಿ ವರದಿಯಾಯಿತು. ಆ ಪರಾಮರ್ಶೆಯಲ್ಲಿ ‘ಯಾರ ತಪ್ಪು’ ಎಂದು ಹುಡುಕದೆ ‘ಮುಂದಿನ ಕೂಸಿಗೆ ಏನು ಮಾಡಬೇಕು’ ಎಂದು ಕೇಳುವುದೇ ಲೇಸು. ಬೈಗುಳಕ್ಕೆ ಅಂಜಿದ ದಾದಿಯು ಲೆಕ್ಕವನ್ನು ಮುಚ್ಚಿಡುವಳು. ಮುಚ್ಚಿಟ್ಟ ಲೆಕ್ಕದಿಂದ ಯಾರೂ ಕಲಿಯಲಾರರು.

ದೊಡ್ಡ ಓದು ಇಲ್ಲದವರಿಗೆ ಇದು ಸಾಧ್ಯವೇ ಎಂಬ ಸಂಶಯಕ್ಕೆ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯು ಉತ್ತರ ಕೊಟ್ಟಿದೆ. ಡಾಕ್ಟರ್ ಅಭಯ ಬಂಗ್, ಡಾಕ್ಟರ್ ರಾಣಿ ಬಂಗ್ ದಂಪತಿಗಳು ಅಲ್ಲಿಯ ೩೯ ಹಳ್ಳಿಗಳಲ್ಲಿ ಸ್ವಲ್ಪವೇ ಓದುಬರಹ ಬಲ್ಲ ಹೆಂಗಸರಿಗೆ ಮನೆಯಲ್ಲಿಯೇ ನವಜಾತ ಶಿಶುಗಳನ್ನು ನೋಡಿಕೊಳ್ಳುವ ವಿದ್ಯೆಯನ್ನು ಕಲಿಸಿದರು. ಉಸಿರುಕಟ್ಟಿದ ಕೂಸಿಗೆ ಗಾಳಿಯೂಡುವುದನ್ನೂ ಆ ಹೆಂಗಸರು ಕಲಿತರು. ೧೯೯೫ರಿಂದ ನಡೆದ ಈ ಪ್ರಯತ್ನದ ಮೂರನೆಯ ವರ್ಷದಲ್ಲಿ, ಇಂಥ ಏರ್ಪಾಡಿಲ್ಲದ ಹಳ್ಳಿಗಳಿಗೆ ಹೋಲಿಸಿದರೆ ನವಜಾತ ಶಿಶುಗಳ ಮರಣವು ಶೇಕಡ ೬೨ರಷ್ಟು ತಗ್ಗಿತೆಂಬುದು ೧೯೯೯ರಲ್ಲಿ ಪ್ರಕಟವಾಯಿತು. ೨೦೧೧ರಿಂದ ದೇಶದಲ್ಲೆಲ್ಲ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗಿ ಕೂಸನ್ನು ನೋಡಿಬರುವ ಪದ್ಧತಿಗೆ ಈ ಅನುಭವವೇ ದಾರಿ ತೋರಿತು.

ಕನ್ನಡನಾಡಿನ ಸೂಲಗಿತ್ತಿಯರ ಪರಂಪರೆಯನ್ನೂ ಈ ಸಂದರ್ಭದಲ್ಲಿ ನೆನೆಯಬೇಕು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ೧೫,೦೦೦ಕ್ಕೂ ಮಿಕ್ಕ ಹೆರಿಗೆಗಳನ್ನು ಹಣದಾಸೆಯಿಲ್ಲದೆ ಮಾಡಿಸಿ, ೨೦೧೮ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದು, ಅದೇ ವರ್ಷ ದೇಹವನ್ನು ಬಿಟ್ಟರು. ಅಂಥವರ ಕೈಗೆ ವಿದ್ಯೆ ಬಂದದ್ದು ಒಂದೆರಡು ದಿನಗಳ ಪಾಠದಿಂದಲ್ಲ. ಹಿರಿಯರ ಮಗ್ಗುಲಲ್ಲಿ ಕುಳಿತು ಕಂಡುಂಡ ಅಭ್ಯಾಸದಿಂದ. ಈಗ ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಬಂದಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ ೯೭ ಹೆರಿಗೆಗಳು ಆಸ್ಪತ್ರೆ ಮುಂತಾದ ಸಂಸ್ಥೆಗಳಲ್ಲಿಯೇ ಆಗಿವೆ. ಸ್ಥಳವು ಬದಲಾಯಿತು, ಔಷಧಗಳು, ಉಪಕರಣಗಳು ಹೆಚ್ಚಿದವು. ಹಳೆಯ ಸೂಲಗಿತ್ತಿಯ ಕೈಯಲ್ಲಿದ್ದ ಬಳಕೆಯು ಹೊಸ ದಾದಿಯ ಕೈಗೂ ಬರಬೇಕಾಗಿದೆ. ಶಾಸ್ತ್ರವು ಹೊಸದು, ಅಭ್ಯಾಸದ ಮಾರ್ಗವು ಹಳೆಯದು. ಎರಡೂ ಕೂಡಿದರೆ ಮಾತ್ರ ಕೂಸು ಬದುಕುವುದು.

ಉಸಿರು ಬಂದ ಕೂಡಲೆ ಕೆಲಸವು ಮುಗಿಯಿತೆಂದು ತಿಳಿಯಬಾರದು. ಕೂಸಿನ ಮೈಯ ಉಷ್ಣತೆಯು ೩೬.೫ರಿಂದ ೩೭.೫ ಡಿಗ್ರಿಯೊಳಗಿರಬೇಕು. ಹುಟ್ಟಿದೊಡನೆ ಎಣ್ಣೆನೀರೆರೆಯುವ ಅವಸರವು ಬೇಡ. ಮೊದಲ ತಾಸಿನಲ್ಲಿಯೇ ಎದೆಹಾಲನ್ನು ಉಣಿಸಬೇಕು. ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದಾಗಲಿ, ಅದರ ಬದಲು ಜೇನು ಬೆಲ್ಲಗಳನ್ನು ನೆಕ್ಕಿಸುವುದಾಗಲಿ ಸಲ್ಲದು. ಹೊಕ್ಕುಳಿಗೆ ಬೂದಿ ಸಗಣಿಗಳನ್ನು ಹಚ್ಚದೆ ಒಣಗಿರಲು ಬಿಡಬೇಕು. ಎರಡೂವರೆ ಕಿಲೋಗ್ರಾಂಗಿಂತ ಕಡಮೆ ತೂಕದ ಕೂಸಿನಲ್ಲಿ ವಿಶೇಷ ಎಚ್ಚರವಿರಬೇಕು. ತೀರ ಸಣ್ಣ ಕೂಸನ್ನು ತಾಯಿಯ ಎದೆಗೆ ಅಪ್ಪಿ ಕಟ್ಟಿ ಬೆಚ್ಚಗಿಡಬೇಕು. ದಕ್ಷಿಣ ಅಮೆರಿಕದ ಬೊಗೋಟಾ ನಗರದಲ್ಲಿ ೧೯೭೦ರ ದಶಕದ ಕೊನೆಯಲ್ಲಿ ಆರಂಭವಾದ ಈ ಪದ್ಧತಿಗೆ ಕಾಂಗರೂ ಪ್ರಾಣಿಯ ಹೆಸರು ಬಂದಿದೆ. ತಾಯಿಗೆ ದಣಿವಾದಾಗ ತಂದೆಯೂ ಅಜ್ಜಿಯೂ ಈ ಸೇವೆಯನ್ನು ಮಾಡಬಹುದು. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಕಾಗಿಲ್ಲ. ಹೇಳಿಕೊಡುವ ಬಾಯಿಯೂ ಕೇಳುವ ತಾಳ್ಮೆಯೂ ಬೇಕು.

ಇಷ್ಟನ್ನು ಕೇಳಿದ ಮೇಲೆ, ವೈದ್ಯರಲ್ಲದವರು ಮಾಡತಕ್ಕದ್ದೇನು ಎಂಬ ಪ್ರಶ್ನೆಯು ಉಳಿಯುವುದು. ಮಾಡತಕ್ಕದ್ದು ಬಹಳವುಂಟು. ಪ್ರತಿಯೊಂದು ಊರಿನ ಹಿರಿಯರು ತಮ್ಮ ಆರೋಗ್ಯ ಕೇಂದ್ರಕ್ಕೆ ಹೋಗಿ ವಿನಯದಿಂದ ಮೂರು ಮಾತು ವಿಚಾರಿಸಬಹುದು. ಹೆರಿಗೆಕೋಣೆಯಲ್ಲಿ ಕೂಸಿಗೆ ಒಪ್ಪುವ ಅಳತೆಯ ಚೀಲ-ಮಾಸ್ಕು ಇದೆಯೇ, ಅದು ಬೀಗದ ಕಪಾಟಿನಲ್ಲಿರದೆ ಕೈಗೆಟಕುವಲ್ಲಿ ಇದೆಯೇ? ಅಭ್ಯಾಸಕ್ಕೆ ಗೊಂಬೆಯಿದೆಯೇ? ಈ ವಾರ ಅದರ ಮೇಲೆ ಅಭ್ಯಾಸ ನಡೆಯಿತೇ? ಮೂರನೆಯದಕ್ಕೆ ‘ಇಲ್ಲ’ವೆಂಬ ಉತ್ತರ ಬಂದರೆ ದೂರು ಬರೆಯುವ ಮೊದಲು ಕಾರಣವನ್ನು ಕೇಳತಕ್ಕದ್ದು. ಒಬ್ಬಳೇ ದಾದಿಯು ಹಗಲಿರುಳು ಎರಡು ಪಾಳಿಗಳ ಕೆಲಸವನ್ನು ಹೊತ್ತಿದ್ದರೆ ಅವಳಿಗೆ ಬೇಕಾದುದು ಬುದ್ಧಿವಾದವಲ್ಲ, ಜೊತೆಗಾತಿಯು. ಗೊಂಬೆಯಿಲ್ಲದಿದ್ದರೆ ಅದನ್ನು ಕೊಡಿಸುವುದು ದಾನಗಳಲ್ಲಿ ಸಣ್ಣದೇನೂ ಅಲ್ಲ. ಕಲ್ಲಿನ ಮೇಲೆ ಕೆತ್ತಿಸಬೇಕಾದ ಹೆಸರು ಅದರಲ್ಲಿಲ್ಲದಿರಬಹುದು. ಆದರೆ ಅಳದೆ ಹುಟ್ಟಿದ ಕೂಸೊಂದು ಅತ್ತು, ಬೆಳೆದು, ಶಾಲೆಗೆ ಹೋಗುವುದನ್ನು ಊರೇ ನೋಡುವುದು.

ದಾದಿಯ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಕೆಲವೆಡೆಗಳಲ್ಲಿ ಇಂದಿಗೂ ಕಡೆಗಣ್ಣಿನಿಂದ ನೋಡುವುದುಂಟು. ಬೇರೆಯವರ ನೆತ್ತರು ಮೈಲಿಗೆಗಳನ್ನು ತೊಳೆಯುವ ಕೆಲಸವೆಂಬ ತಾತ್ಸಾರವು ಅದರ ಮೂಲವು. ರಾತ್ರಿಯ ಎರಡು ಗಂಟೆಗೆ, ಯಾರೂ ನೋಡದಿರುವಾಗ, ನೀಲಿಗಟ್ಟಿದ ಕೂಸಿನ ಎದೆಯು ಏಳುವವರೆಗೆ ಕೈ ಸೋಲದೆ ಗಾಳಿಯೂಡುವವಳ ಕೆಲಸಕ್ಕಿಂತ ಶುಚಿಯಾದ ಕೆಲಸವು ಲೋಕದಲ್ಲಿ ಯಾವುದಿದೆ? ಅಂಥವಳನ್ನು ಸಿದ್ಧಪಡಿಸುವುದು, ಅವಳ ಅಭ್ಯಾಸವು ತುಕ್ಕುಹಿಡಿಯದಂತೆ ನೋಡಿಕೊಳ್ಳುವುದು, ಅವಳಿಗೆ ಗೌರವವನ್ನು ಸಲ್ಲಿಸುವುದು, ಈ ಮೂರೂ ಸಮಾಜದ ಹೊಣೆಗಳು. ಈ ನಾಡಿನಲ್ಲಿ ಹುಟ್ಟುವ ಪ್ರತಿಯೊಂದು ಕೂಸಿನ ಮೊದಲ ನಿಮಿಷವನ್ನೂ ಪಳಗಿದ ಕೈಯೊಂದು ಕಾಯುವಂತಾಗಲೆಂಬುದೇ ಈ ಉತ್ಸವದ ಸಂದರ್ಭದಲ್ಲಿ ಸಭಿಕರೆಲ್ಲರಲ್ಲಿ ಮಾಡಿಕೊಳ್ಳುವ ಬಿನ್ನಹವು.